ಬುಧವಾರದ ಬಾಟಲಿ

ಶಕುನ, ಗಾಳಿ, ದೆವ್ವ ಅಂದವರ ಮುಂದೆ ನಕ್ಕವಳು ನಾನು. ಈಗಲೂ ನಂಬೋದಿಲ್ಲ. ಆದರೆ ಒಂದು ಸಂಗತಿ ಮಾತ್ರ ನನ್ನ ಗಂಟಲಿಂದ ಕೆಳಗಿಳಿದಿಲ್ಲ. ಓದಿದ್ದು ಮೂರನೇ ಕ್ಲಾಸು, ಬಂದಂಗೆ ಬರೀತೀನಿ.

ಎಪ್ಪತ್ತರ ದಶಕ. ಕುರುಗೋಡಿನ ಆಚೆ ನಮ್ಮೂರ ಗುಡ್ಡಕ್ಕೆ ನೀಲಗಿರಿ ಗಿಡ ಹಚ್ಚಿಸಿದ್ದರು. ಗೆದ್ದಲು ಹತ್ತಬಾರದೆಂದು ಸಸಿ ನೆಟ್ಟ ಕುಣಿಕುಣಿಗೂ ಬಿಳೇ ಪುಡಿ ಹಾಕಿದ್ದರು, ಮೂಗು ಸುಡುವಂಥ ವಾಸನೆ. ಗುಡ್ಡದ ಹಳ್ಳದಿಂದ ದಿನಾ ಒಂದು ಬಾಟಲಿ ನೀರು ಹಿಡಿಯೋ ಕೆಲಸ ನನಗೆ ಸಿಕ್ಕಿತು. ಇಷ್ಟು ಮಳೆಯಾದರೆ ಇಷ್ಟು ನೀರು, ಇಷ್ಟು ಮಣ್ಣು, ಇಷ್ಟು ಗೆದ್ದಲಿನ ಔಷಧ ಕೆಳಗಿಳೀತದೆ ಅಂತ ಮುಂಚೇನೇ ಹೇಳುವ ಲೆಕ್ಕವೊಂದನ್ನು ಬಳ್ಳಾರಿಯ ಸಾಹೇಬರು ಕಟ್ಟುತ್ತಿದ್ದರು. ಶನಿವಾರ ಬಂದು ಬಾಟಲಿ ಒಯ್ಯೋರು.

ನನ್ನ ಕಳ್ಳತನ ಹೇಳಿಬಿಡ್ತೀನಿ. ಮಳೆಯಿಲ್ಲದಾಗ ಹಳ್ಳದ ನೀರೇನು ಬದಲಾಗ್ತದೆ? ಸೋಮವಾರವೇ ಮೂರು ಬಾಟಲಿ ತುಂಬಿ, ಸೋಮ, ಮಂಗಳ, ಬುಧ ಅಂತ ಚೀಟಿ ಅಂಟಿಸಿ, ಬಿರಡೆಗೆ ಮೇಣ ಹಚ್ಚಿ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆ.

ಒಂದು ಬುಧವಾರ ಬೆಳಿಗ್ಗೆ ಟ್ರಂಕು ತೆಗೆದೆ. ಎರಡು ಬಾಟಲಿ ತಿಳಿಯಾಗಿದ್ದವು. ಬುಧವಾರದ್ದು ಕೆಂಪು ರಾಡಿ. ಮಣ್ಣು ಒಳಗೆ ಇನ್ನೂ ಸುತ್ತುತ್ತಿತ್ತು, ಈಗಷ್ಟೇ ತುಂಬಿದಂಗೆ. ಮೇಣ ಹಾಗೇ ಇತ್ತು. ಬಿರಡೆ ತೆಗೆದು ಮೂಸಿದೆ. ಅದೇ ಪುಡಿಯ ವಾಸನೆ. ಹೊರಗೆ ರಣಬಿಸಿಲು, ಗುಡ್ಡದ ಮೇಲೆ ಒಂದು ಮೋಡವಿರಲಿಲ್ಲ.

ಮಧ್ಯಾಹ್ನ ಎಲ್ಲಿಂದಲೋ ಮಳೆ ಬಂದು ಗುಡ್ಡಕ್ಕೆ ಹೊಡೀತು. ಹಳ್ಳ ಕೆಂಪಗೆ ಇಳೀತು. ಬೊಗಸೆಯಲ್ಲಿ ಹಿಡಿದು ಮೂಸಿದೆ. ಬರೀ ಮಣ್ಣಿನ ವಾಸನೆ. ಆದರೂ ಬೆಳಗಿನ ಬಾಟಲಿಯ ವಾಸನೆ ಮೂಗಲ್ಲೇ ಇತ್ತು. ಹೆರಿಗೆಗೆ ಬಂದ ಮಗಳು ಕೊಡ ಹಿಡಿದು ಬಂದಳು.

"ಇವತ್ತು ಹಳ್ಳದ ನೀರು ಬ್ಯಾಡ" ಅಂದೆ.

"ಯಾಕವ್ವಾ, ಹಳ್ಳಕ್ಕೇನು ಸೂತಕ ಬಂದೈತೇನು?"

ಕೊಡ ಕಸಕೊಂಡು ಕಲ್ಲಿಗೆ ಅಪ್ಪಳಿಸಿದೆ. ಮಗಳು ಅಳುತ್ತಾ ಮನೆಗೆ ಹೋದಳು. ಪಕ್ಕದ ಮನೆ ಗಂಗಮ್ಮ ನೀರು ತುಂಬುತ್ತಾ ನಕ್ಕಳು.

"ಮಣ್ಣಿನ ಕೊಡದ ಮ್ಯಾಲೆ ನಿನ್ನ ಸಿಟ್ಟೇನಕ್ಕಾ? ಚಿಲ್ಲದ ಬೀಜ ತೇದು ಬಿಟ್ರ ರಾಡಿ ತಳಕ್ಕ ಕುಂತು ನೀರು ಕನ್ನಡಿಯಂಗ ಆಗ್ತೈತಿ."

ರಾಡಿ ತಳಕ್ಕೆ ಕೂಡ್ತದೆ, ಔಷಧ ಕೂಡ್ತದೇನು? ಹೇಳಲು ಬಾಯಿ ತೆಗೆದೆ. ಹೇಳಿದರೆ ಬಾಟಲಿಯ ಸುದ್ದಿ ಹೇಳಬೇಕು. ಅದು ಸಾಹೇಬರಿಗೆ ಮುಟ್ಟಿದರೆ ಕೆಲಸ ಹೋಗ್ತದೆ. ಬಾಯಿ ಮುಚ್ಚಿದೆ. ಮಗಳಿಗೆ ದೂರದ ಬಾವಿಯಿಂದ ನೀರು ತಂದೆ.

ಮರುದಿನ ಗಂಗಮ್ಮನ ಮನೆಯಲ್ಲಿ ಎಲ್ಲರಿಗೂ ವಾಂತಿ. ದೊಡ್ಡವರು ಚೇತರಿಸಿಕೊಂಡರು. ಎರಡು ವರ್ಷದ ಕೂಸು ಉಳೀಲಿಲ್ಲ. ವಾಂತಿಭೇದಿ ಅಂದರು ಡಾಕ್ಟರು. ಇರಬಹುದು.

ಶನಿವಾರ ಸಾಹೇಬರು ಬುಧವಾರದ ಬಾಟಲಿ ಬೆಳಕಿಗೆ ಹಿಡಿದು, "ಮಳೆ ಬಂದ ಕೂಡ್ಲೇ ಓಡಿ ಹೋಗಿ ಹಿಡಿದೀಯಮ್ಮ, ಶಾಣ್ಯಾಕಿ" ಅಂದರು. ಸೋಮವಾರದ ತಿಳಿನೀರಿಗೆ ಬುಧವಾರದ ಮಣ್ಣು ಎಲ್ಲಿಂದ ಬಂತು ಅಂತ ನಾನು ಯಾರನ್ನು ಕೇಳಲಿ?

ಮಗಳಿಗೆ ಗಂಡು ಕೂಸಾಯಿತು. ಗಂಗಮ್ಮ ಬಂದು ತೊಟ್ಟಿಲು ತೂಗಿದಳು. ತೂಗುತ್ತಲೇ ಕೇಳಿದಳು, "ಅವತ್ತು ನಿನಗ ಹೆಂಗ ತಿಳೀತಕ್ಕಾ?"

"ಗೊತ್ತಿಲ್ಲ" ಅಂದೆ.