ಬ್ಯಾಡಗಿಯ ಒಪ್ಪಿಗೆ
ಹಾವೇರಿಯ ಡಿಟಿಪಿ ಅಂಗಡಿಯ ಸೋಮಪ್ಪನಿಗೆ ರಿಜಿಸ್ಟರೇ ದೇವರು. ಯಾವ ನಮೂನೆಯ ಫೈಲು ಯಾವ ಸಾಫ್ಟ್‌ವೇರಿನಲ್ಲಿ ತೆರೆಯುತ್ತದೆಂದು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಅಂಗಡಿಯವರಾದ ನಾವು ಮೂವರು ಕೂಡಿ ಬರೆದ ಪಟ್ಟಿ ಅದು. ಊದುಬತ್ತಿ ಬೆಳಗದೆ ಬಿಚ್ಚುವುದಿಲ್ಲ. ಒಂದು ನಮೂನೆಯನ್ನು ಪಟ್ಟಿಯಿಂದ ತೆಗೆದುಹಾಕಲು ಮೂವರ ಒಪ್ಪಿಗೆಯೂ ಬೇಕು. ತೆಗೆದರೆ ಆ ಸಾಫ್ಟ್‌ವೇರನ್ನೂ ಅಳಿಸುತ್ತೇವೆ, ಆ ಫೈಲುಗಳು ಮತ್ತೆಂದೂ ತೆರೆಯವು. ಬ್ಯಾಡಗಿಯ ಗುಡ್ಡಪ್ಪ ೨೦೦೪ರಲ್ಲೇ ತೀರಿಕೊಂಡ. ಆದರೂ ಪ್ರತಿ ಅಮಾವಾಸ್ಯೆಯ ಸಭೆಯಲ್ಲಿ ಸೋಮಪ್ಪ ಅವನ ಖಾಲಿ ಕುರ್ಚಿಯ ಮುಂದೆ ಚಹಾ ಇಟ್ಟು, "ಏನಂತಿ ಗುಡ್ಡಪ್ಪಾ?" ಎಂದು ಕೇಳಿ, ಕಿವಿಗೊಟ್ಟು, "ಬ್ಯಾಡ ಅಂತಾನ್ರಿ" ಎಂದು ಬರೆದುಕೊಳ್ಳುತ್ತಾನೆ. ರಾಣೇಬೆನ್ನೂರಿನ ನಾನು ಒಳಗೊಳಗೇ ನಗುತ್ತಿದ್ದೆ. ಮೊನ್ನೆ ಮಾತ್ರ ಸೋಮಪ್ಪ ಬೇರೆಯೇ ಬರೆದುಕೊಂಡ: "ಇದೊಂದು ತಗದಬಿಡ್ರಿ ಅಂತಾನ್ರಿ." ಆ ನಮೂನೆಯಲ್ಲಿ ಉಳಿದಿದ್ದುದು ಒಂದೇ ಫೈಲು: ಗುಡ್ಡಪ್ಪನ ಶ್ರದ್ಧಾಂಜಲಿ ಕಾರ್ಡು.