ಕೆಂಚಿಯ ಬಲಗಡೆ

ಕಾಶಿರಾಮ ಕೂತು ಚಹಾ ಕುಡಿದದ್ದನ್ನು ಕಂಡವರಿಲ್ಲ. ಅಂಬೇವಾಡಿಯ ಚಹಾದಂಗಡಿಯಲ್ಲಿ ಬೆಂಚು ಖಾಲಿಯಿದ್ದರೂ ಕಪ್ಪು ಹಿಡಿದು ಅತ್ತಿಂದಿತ್ತ ಓಡಾಡುತ್ತಲೇ ಕುಡಿಯುವನು. ಎದ್ದು ಹೋಗುವುದೇ ಆದರೆ ಕೂಡುವುದು ಯಾಕೆ ಎಂದು ಕೇಳುವನು.

ಹಳಿಯಾಳದ ಸುತ್ತಿನ ಹಳ್ಳಿಗಳಲ್ಲಿ ಹೋರಿಗಳನ್ನು ನೊಗಕ್ಕೆ ಪಳಗಿಸುತ್ತ ಅರ್ಧ ಆಯುಷ್ಯ ಕಳೆದವನು ಅವನು. ಹೊಲಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಕರೆಯುವವರು ಕಡಿಮೆಯಾಗಿ, ಕಾಳಿ ನದಿಯ ದಂಡೆಯ ರೆಸಾರ್ಟೊಂದರಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ ಹಿಡಿದ. ಇದ್ದದ್ದು ಒಂದೇ ಹೆಣ್ಣು ಕುದುರೆ, ಕೆಂಚಿ. ಜೀನು ಹಾಕುವವರೆಗೂ ಸುಮ್ಮನಿರುತ್ತಿತ್ತು. ಹತ್ತಲೆಂದು ಯಾರಾದರೂ ರಿಕಾಪಿಗೆ ಕಾಲಿಟ್ಟರೆ ಗಿರ್ರನೆ ತಿರುಗಿ ಜಾರಿಕೊಳ್ಳುತ್ತಿತ್ತು. ಪ್ರವಾಸಿಯೊಬ್ಬ ಬಿದ್ದು ಮೊಣಕೈ ಮುರಿದುಕೊಂಡಿದ್ದ. ದೀಪಾವಳಿಯೊಳಗೆ ದಾರಿಗೆ ಬರದಿದ್ದರೆ ಹುಬ್ಬಳ್ಳಿಯ ಮದುವೆ ಮೆರವಣಿಗೆಯವರಿಗೆ ಮಾರಿಬಿಡುವುದಾಗಿ ಮಾಲೀಕ ರುದ್ರೇಶ ಹೇಳಿಬಿಟ್ಟ. ಆ ಕುದುರೆಗಳನ್ನು ಕಾಶಿರಾಮ ನೋಡಿದ್ದ. ಬ್ಯಾಂಡು, ಪಟಾಕಿಗಳ ನಡುವೆ ಲಗಾಮು ಜಗ್ಗಿ ಜಗ್ಗಿ ಅವುಗಳ ಕಟವಾಯಿ ಹರಿದಿರುತ್ತಿತ್ತು. ಅಂದಿನಿಂದ ಅವನ ಕಾಲುಗಳು ಇನ್ನಷ್ಟು ಚುರುಕಾದವು.

ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ. ಎಳೆ ಹೋರಿಯನ್ನು ತಣ್ಣಗಿನ ಹಳೇ ಎತ್ತಿನ ಜೋಡಿ ಹೂಡುವುದು. ಹಳೆಯದು ನಿಂತರೆ ಎಳೆಯದೂ ನಿಲ್ಲುತ್ತದೆ. ಊರಿನಿಂದ ಮುದಿ ಎತ್ತೊಂದನ್ನು ತಂದು ಕೆಂಚಿಯ ಬಲಗಡೆ ಹಗ್ಗದಿಂದ ಜೋಡಿಸಿದ. ಕೆಂಚಿ ಹಗ್ಗ ಹರಿದುಕೊಂಡು ಬೇಲಿ ಮುರಿದು ಓಡಿತು. ಎತ್ತು ಮೆಲುಕು ಹಾಕುತ್ತ ನಿಂತಲ್ಲೇ ನಿಂತಿತ್ತು. ಪ್ರವಾಸಿಗರು ನಕ್ಕರು, ರುದ್ರೇಶ ನಗಲಿಲ್ಲ.

ಮನೆಗೆ ಬಂದು ಅಂಗಳದಲ್ಲಿ ಸುತ್ತುತ್ತಲೇ ನಡೆದದ್ದನ್ನು ಹೇಳಿದ. ಹೆಂಡತಿ ಗೀತಾಬಾಯಿ ಅಕ್ಕಿ ಆರಿಸುತ್ತಿದ್ದಳು.

"ಆ ಕುದರಿ ಎತ್ತಿನ್ನ ನೋಡೂದಿಲ್ರೀ, ನಿಮ್ಮನ್ನ ನೋಡ್ತೈತಿ. ನಿಮ್ಮ ಕಾಲು ಒಂದ ಕಡೆ ನಿಂತದ್ದು ನಾ ಕಂಡಿಲ್ಲ. ಅದು ಹೆಂಗ ನಿಂತೀತು?"

"ಹಂಗಾದ್ರ ಹಳೇ ಎತ್ತು ನಾನ ಆಗಬೇಕೇನ?"

"ಹಳೇದು ಆಗೀರಿ. ತಣ್ಣಗ ಆಗೂದೊಂದು ಬಾಕಿ ಐತಿ."

ಮರುದಿನದಿಂದ ಬಾರುಕೋಲು ಬಿಟ್ಟು ಕೆಂಚಿಯ ಬಲಭುಜದ ಹತ್ತಿರ ಸುಮ್ಮನೆ ನಿಲ್ಲತೊಡಗಿದ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ. ಹೆಬ್ಬೆರಳು ತನ್ನಷ್ಟಕ್ಕೆ ನೆಲ ಕೆದರುತ್ತಿತ್ತು, ಅದರ ಹಿಂದೆಯೇ ಕೆಂಚಿಯ ಗೊರಸು. ಕೆಂಚಿ ಸರಿದರೆ ಲಗಾಮು ಜಗ್ಗದೆ ತಾನೂ ಸರಿದು ಮತ್ತೆ ನಿಲ್ಲುವನು. ಮೈಮೇಲೆ ಒತ್ತಿ ಬಂದರೆ ಮಾತ್ರ ಹಿಂದೆ ಸರಿಯುತ್ತಿರಲಿಲ್ಲ. ಹೊರಡುವ ಮಾತು ಅವನದೇ ಆಗಿರಬೇಕು. "ಹೋಗೂಣು" ಎನ್ನುವ ಮೊದಲೇ ಅದು ಹೆಜ್ಜೆ ಕಿತ್ತರೆ, ತಿರುಗಿಸಿ ತಂದು ಮತ್ತೆ ಮೊದಲಿನಿಂದ. ಒಂದು ಬೆಳಿಗ್ಗೆ ಕೆಂಚಿ ಉಸಿರು ಚೆಲ್ಲಿ ತಲೆ ಇಳಿಸಿತು. ತನ್ನ ಕಾಲು ಎಷ್ಟೋ ಹೊತ್ತಿನಿಂದ ಸುಮ್ಮನಿರುವುದು ಆಗ ಅವನ ಗಮನಕ್ಕೆ ಬಂತು.

ದೀಪಾವಳಿಯ ಹೊತ್ತಿಗೆ ರುದ್ರೇಶನೇ ರಿಕಾಪಿಗೆ ಕಾಲಿಟ್ಟ. ಕೆಂಚಿಯ ಮೈ ನಡುಗಿತು, ಒಂದು ಕಿವಿ ಕಾಶಿರಾಮನ ಕಡೆಗೆ ಹೊರಳಿತು. ಆದರೆ ಅದು ಕದಲಲಿಲ್ಲ. ಹುಬ್ಬಳ್ಳಿಯ ಮಾತು ಅಲ್ಲಿಗೆ ನಿಂತಿತು.

ಮಾಘದಲ್ಲಿ ಕಾಶಿರಾಮ ಹೋದ. ಎದೆನೋವೆಂದು ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿಯೂ ಕೂಡಲಿಲ್ಲ. ವರಾಂಡದಲ್ಲಿ ಓಡಾಡುತ್ತಿದ್ದವನು ಹಾಗೇ ಬಿದ್ದ.

ಕೆಂಚಿ ಮತ್ತೆ ಬೇಲಿಗುಂಟ ತಿರುಗತೊಡಗಿತು. ಯಾರನ್ನೂ ಹತ್ತಗೊಡಲಿಲ್ಲ. ರುದ್ರೇಶ ಹುಬ್ಬಳ್ಳಿಗೆ ಫೋನು ಮಾಡಿದ. ಗಂಡನ ಕಂಬಳಿ ಒಯ್ಯಲು ಲಾಯಕ್ಕೆ ಬಂದಿದ್ದ ಗೀತಾಬಾಯಿ ಅದನ್ನು ಕೇಳಿಸಿಕೊಂಡಳು. ಕುದುರೆಯ ಮೈ ಮುಟ್ಟಿದವಳಲ್ಲ ಅವಳು. ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಕೆಂಚಿಯ ಬಲಗಡೆ ನಿಂತಳು. ಕೆಂಚಿ ಸುತ್ತು ಹಾಕಿತು, ಭುಜದಿಂದ ಒತ್ತಿತು. ಅವಳು ಸರಿಯಲಿಲ್ಲ. ಕೆಂಚಿ ಕಂಬಳಿ ಮೂಸಿ ನಿಂತಿತು.

ರುದ್ರೇಶ ಜೀನು ತಂದು ಹಾಕಿ ಮೆಲ್ಲಗೆ ಹತ್ತಿ ಕೂತ. ಇನ್ನು ಹೊರಡುವ ಮಾತು ಹೇಳಬೇಕಾದವಳು ಅವಳು. ಆ "ಹೋಗೂಣು" ಬಾಯಿಗೆ ಬರಲು ತುಂಬ ಹೊತ್ತು ಹಿಡಿಯಿತು. ಅಲ್ಲಿಯವರೆಗೆ ಕೆಂಚಿ ನಿಂತೇ ಇತ್ತು.