ಬಚ್ಚಲಮನೆಯ ನಳ

ದುರ್ಗದಬೈಲಿನ ಹಿಂದಿನ ಓಣಿಯಲ್ಲಿರುವ ನಮ್ಮ ಮನೆಯನ್ನು ಕಟ್ಟಿಸಿದವರು ನನ್ನ ಮಾವನವರ ಅಪ್ಪ. ಮೊನ್ನೆಮೊನ್ನೆಯವರೆಗೂ ಗೋಡೆಗಳ ಮೇಲೆ ಕಟ್ಟಿಗೆಪಟ್ಟಿ, ಅದರ ಮೇಲೆ ಅವರ ಕಾಲದ್ದೇ ವೈರು ಇತ್ತು. ದೀಪಾವಳಿಗೊಮ್ಮೆ ಅದಕ್ಕೂ ಸುಣ್ಣ ಬಳಿಯುತ್ತಿದ್ದೆವು. ದೀಪ ಹತ್ತುತ್ತಿದ್ದವು, ಫ್ಯಾನು ತಿರುಗುತ್ತಿತ್ತು. ಯಾರೂ ಚಿಂತೆ ಮಾಡಲಿಲ್ಲ.

ಆ ಚಳಿಗಾಲ ಅತ್ತೆಯವರ ಕೈ ಜುಮುಗುಡತೊಡಗಿತು. ಜಳಕ ಮಾಡಿ ಬಂದವರು ಬೆರಳು ತಿಕ್ಕುತ್ತ ಕೂಡುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ನರ ಸೋಲುವುದು ಸಹಜವೆಂದು ಡಾಕ್ಟರು ಗುಳಿಗೆ ಬರೆದುಕೊಟ್ಟರು. ನಾನು ಎಣ್ಣೆ ಹಚ್ಚಿ ತಿಕ್ಕಿದೆ. ಏನೂ ಕಡಿಮೆಯಾಗಲಿಲ್ಲ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಅವರು ಹೇಳುವುದನ್ನೇ ಬಿಟ್ಟರು.

ಕೆಳಗಿನ ಬಚ್ಚಲಮನೆ ಅವರೊಬ್ಬರದೇ. ನಾನು, ನನ್ನ ಗಂಡ ಮಾಳಿಗೆ ಮೇಲಿನದನ್ನು ಬಳಸುತ್ತಿದ್ದೆವು. ಒಂದು ಮುಂಜಾನೆ ಅತ್ತೆಯವರು ಗೀಸರ್ ಹಚ್ಚಿ, ಬಕೀಟು ತುಂಬಲು ನನಗೆ ಹೇಳಿದರು. ಬರಿಗಾಲಲ್ಲಿ ಹಸಿ ಕಲ್ಲಿನ ಮೇಲೆ ನಿಂತು ನಳಕ್ಕೆ ಕೈ ಹಚ್ಚಿದೆನೋ ಇಲ್ಲವೋ, ಚುರ್ರೆಂದು ಏನೋ ಮೊಣಕೈವರೆಗೆ ಏರಿತು. ಕೈ ಕಿತ್ತುಕೊಂಡೆ. ಅಷ್ಟರಲ್ಲಿ ಅವರು ಟವೆಲ್ ಹಿಡಿದು ಬಾಗಿಲಿಗೆ ಬಂದಿದ್ದರು.

“ಒಳಗ ಬರಬ್ಯಾಡ್ರಿ ಅತ್ತಿ. ನಳದಾಗ ಕರೆಂಟ್ ಐತಿ.”

ಅವರು ಅಲ್ಲೇ ನಿಂತು ತಮ್ಮ ಅಂಗೈ ನೋಡಿಕೊಂಡರು. “ಹಂಗಾರ ನನ್ನ ಕೈ...” ಎಂದರು.

ನಾನು ಪಡಸಾಲೆಗೆ ಓಡಿದೆ. ಮೇನ್ ಸ್ವಿಚ್ಚಿನದು ಕಬ್ಬಿಣದ ಪೆಟ್ಟಿಗೆ, ಅದನ್ನು ಮುಟ್ಟಲೂ ಧೈರ್ಯ ಬರಲಿಲ್ಲ. ಅಡುಗೆಮನೆಯಿಂದ ಕಟ್ಟಿಗೆಯ ಲಟ್ಟಣಿಗೆ ತಂದು ಹಿಡಿಕೆಯನ್ನು ಕೆಳಕ್ಕೊತ್ತಿದೆ. ಮನೆಯೆಲ್ಲ ಸುಮ್ಮನಾಯಿತು.

ನನ್ನ ಗಂಡ ಅಂಗಡಿಯಿಂದ ಬರುವಾಗ ವೈರಿಂಗ್ ಮಾಡುವವರನ್ನು ಕರೆತಂದರು. ಗೀಸರ್ ಒಳಗೆ ಕರೆಂಟ್ ಸೋರುತ್ತಿತ್ತಂತೆ. ಹಳೆಯವರು ಅರ್ಥಿಂಗ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೇ ಕಟ್ಟಿದ್ದರು. ಹಿಂದಿನ ಬೇಸಿಗೆಯಲ್ಲಿ ನೆಲದೊಳಗಿನ ಆ ಪೈಪು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿಸಿದ್ದರಿಂದ, ಸೋರಿದ ಕರೆಂಟಿಗೆ ಭೂಮಿಗಿಳಿಯುವ ದಾರಿ ತಪ್ಪಿ ನಳದಲ್ಲೇ ನಿಲ್ಲುತ್ತಿತ್ತು. ಇನ್ನಷ್ಟು ಸೋರಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತಂತೆ.

ವೈರೆಲ್ಲ ಬದಲಾಯಿತು. ಹೊಸ ಅರ್ಥಿಂಗ್, ಹೊಸ ಗೀಸರ್, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು ಬಂದವು. ಅತ್ತೆಯವರ ಕೈ ಜುಮುಗುಡುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅದರಲ್ಲಿ ರೋಗವೆಷ್ಟು, ಕರೆಂಟೆಷ್ಟು ಎಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ. “ದಿನಾ ಸಾವಿನ ಹತ್ರ ಹೋಗಿ ಬಂದೇನಿ ನೋಡವಾ,” ಎಂದು ಒಮ್ಮೆ ಅವರೆಂದಾಗ ನಾನು ಎದ್ದು ಒಳಗೆ ಹೋದೆ.

ಈಗಲೂ ಅವರು ಜಳಕಕ್ಕೆ ಹೋದರೆ ನನಗೆ ಒಲೆಯ ಮುಂದೆ ನಿಲ್ಲಲಾಗುವುದಿಲ್ಲ. ಬಾಗಿಲ ಹೊರಗೆ ನಿಂತು ನೀರಿನ ಸಪ್ಪಳ ಕೇಳುತ್ತೇನೆ. ಸಪ್ಪಳ ಸ್ವಲ್ಪ ತಡೆದರೂ ಬಾಗಿಲಿಗೆ ಕಿವಿ ಹಚ್ಚುತ್ತೇನೆ. ಅವರಿಗದು ಗೊತ್ತು. ಚರಗಿಯನ್ನು ಬಕೀಟಿಗೆ ಬಡಿದು, “ಅದೀನಿ, ಹೋಗು, ನಿನ್ನ ಕೆಲಸಾ ನೋಡು,” ಎನ್ನುತ್ತಾರೆ.